ಕವಲಿನ ಹಲಗೆ

ಆಕ್ಸ್‌ಬೆಕ್‌ನಲ್ಲಿ ಎಡ್ಗರ್ ಮೆಟ್‌ಕಾಫ್ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಅವನ ಹಂದಿಮಾಂಸದ ಪೈ, ಆಮೇಲೆ ಅವನ ಗಂಟಲು. ಮಾಂಸದಂಗಡಿಯ ಕಟ್ಟೆಯ ಹಿಂದೆ ನಿಂತು ಅವನು 'ಮುಂದೆ ಯಾರಮ್ಮಾ' ಎಂದು ಕೂಗಿದರೆ ಹೊಳೆಯಾಚೆ ಮೇಯುತ್ತಿದ್ದ ಕುರಿಗಳು ತಲೆಯೆತ್ತುತ್ತವೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ನನಗೆ ಅವನು ಅಕ್ಕನ ಗಂಡ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನಾನು ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರಿಬ್ಬರ ಜೊತೆಗೇ ಇದ್ದೆ, ಕೆಳಗೆ ಸಾಸೇಜು ತುಂಬಿ ಕಟ್ಟುತ್ತ ದೊಡ್ಡವಳಾದೆ. ಹಾಗಾಗಿ ಅವನ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳುವ ಹಕ್ಕು ನನಗಿದೆ. ಎರಡನ್ನೂ ಹೇಳುತ್ತೇನೆ.

ಒಳ್ಳೆಯದು ಬಹಳ ಇತ್ತು. ಕಾಯಿಲೆ ಬಿದ್ದವರ ಮನೆಗೆ ಸೂಪಿನ ಮೂಳೆ ತಾನಾಗಿ ಹೋಗುತ್ತಿತ್ತು. ಅಕ್ಕ ಡೋರೀನ್ ಎಂದರೆ ಅವನಿಗೆ ಪ್ರಾಣ. ಕೆಟ್ಟದ್ದು ಒಂದೇ, ನಮ್ಮ ಜಿಲ್ಲೆ ಯಾರ್ಕ್‌ಷೈರ್‌ನ ಹುಚ್ಚು. ಅದು ಊರಿಗೆಲ್ಲ ಇತ್ತು ಎನ್ನಿ. ಆದರೆ ಊರಿಗೆ ನೆಗಡಿಯಾದರೆ ಎಡ್ಗರ್‌ಗೆ ಜ್ವರ ಬರುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಲಂಡನ್ನಿನಲ್ಲಿ ಯಾರೋ ಮೇಜಿನ ಮುಂದೆ ಕೂತು ನಕ್ಷೆಯ ಮೇಲೆ ಹೊಸ ಗೆರೆ ಎಳೆದರು. ಯಾರ್ಕ್‌ಷೈರ್‌ನಲ್ಲಿ ಮಲಗಿದ ನಾವು ಪಕ್ಕದ ಜಿಲ್ಲೆ ಲ್ಯಾಂಕಷೈರ್‌ನಲ್ಲಿ ಎದ್ದೆವು. ನಮ್ಮ ಲಾಂಛನದ ಬಿಳಿ ಗುಲಾಬಿಗೂ ಅವರ ಲಾಂಛನದ ಕೆಂಪು ಗುಲಾಬಿಗೂ ಐನೂರು ವರ್ಷದ ಜಗಳ. ಅಂಥವರ ಮನೆಗೆ ನಮ್ಮನ್ನು ಕೇಳದೆ ಕೇಳಿಸದೆ ದತ್ತು ಕೊಟ್ಟ ಹಾಗಾಯಿತು. ಶಾಲೆ ಅವರದಾಯಿತು, ಕಸದ ಲಾರಿ ಅವರದಾಯಿತು. ಮುದುಕ ಸಿಲಾಸ್ ಹೋಲ್‌ರಾಯ್ಡ್ 'ನನ್ನ ಕಸ ಅವರ ಕೈಗೆ ಯಾಕೆ ಕೊಡ್ಲಿ' ಎಂದು ಒಂದು ಬೇಸಿಗೆಯೆಲ್ಲ ಕಸವನ್ನು ಹಿತ್ತಲಲ್ಲೇ ಕೂಡಿಟ್ಟುಕೊಂಡು, ಪಕ್ಕದ ಮನೆಯವರ ಕೈಲಿ ಬಾಯಿಗೆ ಬಂದಂತೆ ಬೈಸಿಕೊಂಡ. ಆಂಬುಲೆನ್ಸೂ ಅವರದೇ ಆಯಿತು. ಹಿಂದೆ ಅದು ಪೂರ್ವದ ಪೇಟೆಯಿಂದ ಬರುತ್ತಿತ್ತು, ಅದರ ಡ್ರೈವರಿಗೆ ನಮ್ಮ ಪ್ರತಿ ಮನೆಯ ನಾಯಿಯ ಹೆಸರೂ ಗೊತ್ತಿತ್ತು. ಈಗ ಪಶ್ಚಿಮದಿಂದ, ಗುಡ್ಡ ಹತ್ತಿಳಿದು ಬರಬೇಕಿತ್ತು.

ಆ ಗುಡ್ಡದ ನೆತ್ತಿಯಲ್ಲಿ ರಸ್ತೆ ಕವಲೊಡೆಯುತ್ತದೆ. ಎಡಕ್ಕೆ ಇಳಿದರೆ ನಮ್ಮೂರು. ಬಲಕ್ಕೆ ಹೋದರೆ ಪಾಳು ಬಯಲು, ಕೊನೆಗೆ ಒಂದು ಜಲಾಶಯ, ಅಲ್ಲಿಂದ ಮುಂದೆ ದಾರಿಯಿಲ್ಲ. ಎರಡೂ ಕವಲು ನೋಡಲು ಒಂದೇ ಥರ. ಹೊಸ ಕೌನ್ಸಿಲಿನವರು ಅಲ್ಲೊಂದು ಕಂಬ ನೆಟ್ಟು ಹಲಗೆ ಹೊಡೆದರು. ಎಡಕ್ಕೆ ಬಾಣದ ಗುರುತು, 'ಆಕ್ಸ್‌ಬೆಕ್' ಎಂಬ ಹೆಸರು, ಮೇಲೆ ದೊಡ್ಡದಾಗಿ ಕೆಂಪು ಗುಲಾಬಿ, ಅದರ ಕೆಳಗೆ ಲ್ಯಾಂಕಷೈರ್. ನಮ್ಮ ಹೆಸರು ಅವರ ಗುಲಾಬಿಯ ಕಾಲಡಿ ಬಂದದ್ದು ಎಡ್ಗರ್‌ಗೆ ಸಹಿಸಲಾಗಲಿಲ್ಲ.

ಆಗಸ್ಟ್ ಒಂದು ಯಾರ್ಕ್‌ಷೈರ್ ದಿನ. ಬೇರೆ ಊರುಗಳಲ್ಲಿ ಬಾವುಟ ಹಾರಿಸುತ್ತಾರೆ, ಘೋಷಣೆ ಓದುತ್ತಾರೆ, ಪುಡಿಂಗು ತಿನ್ನುತ್ತಾರೆ. ನಮ್ಮೂರಿನಲ್ಲಿ ಮಾತ್ರ ಒಂದು ಹೆಣ ಏಳುತ್ತಿತ್ತು. ಬೆಳಿಗ್ಗೆ ಗಂಡಸರು ಗುಡ್ಡಕ್ಕೆ ಹೋಗಿ ಆ ಕಂಬವನ್ನು ಹಲಗೆ ಸಮೇತ ಕಿತ್ತು, ಕಪ್ಪು ಬಟ್ಟೆ ಹೊದಿಸಿ, ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಮುಂದೆ ಊರ ಬ್ಯಾಂಡು ಶವಯಾತ್ರೆಯ ರಾಗ ಬಾರಿಸುತ್ತಿತ್ತು. ಹೆಂಗಸರು ಕರವಸ್ತ್ರ ಹಿಡಿದು ಸುಳ್ಳು ಅಳು ಅಳುತ್ತಿದ್ದರು. ಪರ್ಸಿ ಥ್ಯಾಕ್ರೆಯ ಹುಲ್ಲುಗಾವಲಲ್ಲಿ ಗುಂಡಿ ತೋಡಿ ಅದನ್ನು ಹೂಳುತ್ತಿದ್ದರು. ಉದ್ದ ಕರಿ ಟೋಪಿ ಹಾಕಿಕೊಂಡು ಪಾದ್ರಿಯ ಪಾತ್ರ ಮಾಡುವವನು ಎಡ್ಗರ್. ಕೌನ್ಸಿಲಿನವರು ಚಳಿಗಾಲದೊಳಗೆ ಇನ್ನೊಂದು ಕಂಬ ನೆಟ್ಟು ಹೋಗುತ್ತಿದ್ದರು. ಎರಡು ಕಡೆಯವರಿಗೂ ಅದು ಅಭ್ಯಾಸವಾಗಿತ್ತು.

ನಾನು ಹೇಳಹೊರಟಿರುವ ವರ್ಷ ಅಕ್ಕ ತುಂಬು ಗರ್ಭಿಣಿ. ಮದುವೆಯಾಗಿ ಹದಿನೈದು ವರ್ಷ ಕಾದ ಮೇಲೆ ನಿಂತ ಬಸುರು. ಎಡ್ಗರ್ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. ಹುಟ್ಟುವುದು ಗಂಡೇ ಎಂದು ಅವನೇ ತೀರ್ಮಾನಿಸಿದ್ದ. ಯಾರ್ಕ್‌ಷೈರ್‌ನ ಕ್ರಿಕೆಟ್ ತಂಡದಲ್ಲಿ ಆಡಬೇಕಾದರೆ ಆಗೆಲ್ಲ ಯಾರ್ಕ್‌ಷೈರ್‌ನ ನೆಲದಲ್ಲೇ ಹುಟ್ಟಿರಬೇಕಿತ್ತು. ಅದಕ್ಕೆಂದು ಹೆರಿಗೆಗೆ, ಇನ್ನೂ ಯಾರ್ಕ್‌ಷೈರ್‌ನಲ್ಲೇ ಉಳಿದಿದ್ದ ಪೂರ್ವದ ಪೇಟೆಯ ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟಿದ್ದ. ದಿನ ತುಂಬಲು ಇನ್ನೂ ನಾಲ್ಕು ವಾರ ಇತ್ತು.

ಹಬ್ಬದ ಬೆಳಿಗ್ಗೆ ಅಕ್ಕ ಕಿಟಕಿಯ ಪಕ್ಕ ಕೂತು ಕಪ್ಪು ಬಟ್ಟೆಯ ಅಂಚು ಹೊಲಿದು ಮುಗಿಸಿದಳು. ಎಡ್ಗರ್ ಕನ್ನಡಿಯ ಮುಂದೆ ಟೋಪಿ ಸರಿಮಾಡಿಕೊಳ್ಳುತ್ತಿದ್ದ.

"ಹೋದ್ಸಲದ ಥರ ನಿಜವಾಗ್ಲೂ ಅತ್ತುಬಿಡ್ಬೇಡ," ಎಂದಳು ಅಕ್ಕ. "ಜನ ನೋಡಿ, ಸತ್ತೋನು ಇವನ ನೆಂಟನಾ ಅಂತಾರೆ."

"ಅಳಲ್ಲ ಬಿಡೆ. ಈ ಸಲ ನನ್ನ ಮಗ ಕೇಳಿಸ್ಕೊಳ್ತಾನೆ, ಗಟ್ಟಿಯಾಗಿ ಓದ್ತೀನಿ."

"ನಿನ್ನ ಗಂಟಲು ಕೇಳಿ ಇವತ್ತೇ ಹೊರಗೆ ಬಂದಾನು, ಮೆಲ್ಲಗೆ ಓದು."

ಮೂವರೂ ನಕ್ಕೆವು. ಅವನು ಅವಳ ನೆತ್ತಿಗೆ ಮುತ್ತು ಕೊಟ್ಟು ಮೆಟ್ಟಿಲಿಳಿದು ಹೋದ.

ಮೆರವಣಿಗೆ ಚೆನ್ನಾಗಿಯೇ ಆಯಿತು. ಹೆಣ ಹೊತ್ತವರ ಪೈಕಿ ಪರ್ಸಿ ಮುಂದಿದ್ದ. ಅವನು ಎಡ್ಗರ್‌ನ ಬಾಲ್ಯದ ಗೆಳೆಯ, ದನಗಾರ, ಬಾಯಿ ಬಿಟ್ಟರೆ ಕುಚೋದ್ಯ. 'ಸತ್ರೂ ಭಾರ ಕಮ್ಮಿಯಾಗ್ಲಿಲ್ಲ, ಏನು ತಿಂದಿದ್ನೋ' ಎಂದು ದಾರಿಯುದ್ದಕ್ಕೂ ಗೊಣಗಿ ನಗಿಸಿದ. ಎಡ್ಗರ್ ಗುಂಡಿಯ ದಡದಲ್ಲಿ ನಿಂತು, ನಮ್ಮ ಗಡಿ ಸಾವಿರ ವರ್ಷದ್ದು, ಯಾವ ಗುಮಾಸ್ತನ ಪೆನ್ಸಿಲ್ಲಿಗೂ ಅದು ಅಳಿಯದು ಎಂದು ಓದಿದ. ನಾನು ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದೆ. ಆಗಲೇ ಗುಡ್ಡದ ತಲೆ ಮಂಜಿನಲ್ಲಿ ಮುಚ್ಚಿಹೋಗಿತ್ತು. ಆಗಸ್ಟಿನಲ್ಲೂ ನಮ್ಮಲ್ಲಿ ಹಾಗೆ ಇಳಿಯುತ್ತದೆ, ಯಾರೂ ಲೆಕ್ಕಕ್ಕಿಡುವುದಿಲ್ಲ.

ಮೇಲಿನಿಂದ ಅಕ್ಕ ನನ್ನ ಹೆಸರು ಕರೆದಳು. "ಬ್ರೆಂಡಾ" ಎಂದಳು, ಅಷ್ಟೇ. ಆ ಧ್ವನಿ ಕೇಳಿ ಕೈಲಿದ್ದ ತಟ್ಟೆ ಬಿಟ್ಟು ಓಡಿದೆ. ಅವಳು ಕುರ್ಚಿ ಹಿಡಿದು ನಿಂತಿದ್ದಳು. ಕಾಲಡಿಯ ಜಮಖಾನೆಯೆಲ್ಲ ರಕ್ತ.

"ನೋವಿಲ್ಲ ಕಣೆ," ಎಂದಳು. "ನೋವೇ ಇಲ್ಲ. ಆದ್ರೆ ನಿಲ್ತಾ ಇಲ್ಲ."

ಊರ ನರ್ಸ್ ಪಿಕರ್ಸ್‌ಗಿಲ್ ಚಹಾದ ಡೇರೆಯಲ್ಲಿ ಕೇಕು ಕತ್ತರಿಸುತ್ತಿದ್ದಳು. ಕರೆತಂದೆ. ಅವಳು ಅಕ್ಕನನ್ನು ಮಲಗಿಸಿ, ಕಾಲ ಕಡೆ ಮಂಚಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿ, ನನ್ನನ್ನು ಬಾಗಿಲ ಹೊರಗೆ ಎಳೆದುಕೊಂಡಳು.

"ಮಾಸು ಕೆಳಗಡೆ ಕೂತಿದೆ, ಅದು ಕಿತ್ಕೊಂಡಿದೆ. ಈ ರಸ್ತೇಲಿ ವ್ಯಾನಲ್ಲಿ ಕುಲುಕಿಸಿ ಕರ್ಕೊಂಡು ಹೋದ್ರೆ ದಾರೀಲೇ ಹೋಗ್ತಾಳೆ. ಆಂಬುಲೆನ್ಸಿಗೆ ಫೋನು ಮಾಡು. ರಕ್ತದ ಬಾಟ್ಲಿ ಬೇಕು, ಡಾಕ್ಟ್ರು ಜೊತೇಲೇ ಬರ್ಬೇಕು ಅಂತ ಹೇಳು. ಬರ್ತಾರೆ, ಅಂಥ ಗಾಡಿ ಇದೆ ಅವರ ಹತ್ರ."

ಅಂಗಡಿಯ ಫೋನಿನಿಂದ ಮಾಡಿದೆ. ಆ ತುದಿಯ ಹೆಂಗಸು ಲ್ಯಾಂಕಷೈರ್ ಮಾತಿನವಳು, ಒಳ್ಳೆಯವಳು. ಗಾಡಿ ಈಗಲೇ ಹೊರಡುತ್ತದೆ, ಅರ್ಧ ಗಂಟೆ ಸಾಕು ಎಂದಳು. ಅಷ್ಟರಲ್ಲಿ ಎಡ್ಗರ್ ಬಂದ, ಟೋಪಿ ಇನ್ನೂ ತಲೆಯ ಮೇಲಿತ್ತು. ಮೆಟ್ಟಿಲು ಹತ್ತಿ ಹೋದವನು ಅಕ್ಕನ ಕೈ ಹಿಡಿದು ಮಂಡಿಯೂರಿ ಕೂತ.

"ಬರ್ತಾರೆ ಚಿನ್ನ, ಈಗ ಬರ್ತಾರೆ."

"ಯಾವ ಕಡೆ ಆಸ್ಪತ್ರೆ ಎಡ್ಗರ್?" ಎಂದಳು ಅಕ್ಕ. ಆ ಸ್ಥಿತಿಯಲ್ಲೂ ಅವನನ್ನು ಕೆಣಕುತ್ತಿದ್ದಳು.

"ಎಲ್ಲಾದ್ರೂ ಹಾಳಾಗ್ಲಿ. ಚೀನಾ ದೇಶದಲ್ಲಾದ್ರೂ ಹುಟ್ಲಿ."

ಅರ್ಧ ಗಂಟೆ ಆಯಿತು. ಮುಕ್ಕಾಲು ಗಂಟೆ ಆಯಿತು. ನರ್ಸ್ ಒಂದರ ಮೇಲೊಂದು ಟವಲು ಬದಲಾಯಿಸುತ್ತಿದ್ದಳು, ನಾನು ಒಯ್ದು ಸಾಸೇಜಿನ ಬಕೆಟ್ಟಿಗೆ ಹಾಕುತ್ತಿದ್ದೆ. ಅಕ್ಕನ ತುಟಿ ಬೆಳ್ಳಗಾಯಿತು. ಮಾತು ನಿಂತಿತು. ಹೊರಗೆ ಬ್ಯಾಂಡಿನವರು ಶವಯಾತ್ರೆ ಮುಗಿಸಿ ಕುಣಿತದ ರಾಗ ಹಿಡಿದಿದ್ದರು. ಕಿಟಕಿ ಮುಚ್ಚಿದರೂ ಕೇಳುತ್ತಿತ್ತು. ನಾನು ಮತ್ತೆ ಇಳಿದು ಹೋಗಿ ಫೋನು ಮಾಡಿದೆ.

"ಇನ್ನೂ ಬಂದಿಲ್ವಾ?" ಎಂದಳು ಆಕೆ. ಅವಳ ಧ್ವನಿ ಬದಲಾಯಿತು. "ಗುಡ್ಡದ ಮೇಲಿಂದ ಡ್ರೈವರ್ ರೇಡಿಯೋದಲ್ಲಿ ಕೇಳಿದ್ದ ಅಮ್ಮಾ. ರಸ್ತೆ ಎರಡಾಗತ್ತೆ, ಬೋರ್ಡು ಕಾಣ್ತಿಲ್ಲ, ಯಾವ ಕಡೆ ಅಂತ. ನಾನು ನಕ್ಷೆ ಬಿಚ್ಚಿ ನೋಡೋ ಹೊತ್ತಿಗೆ ರೇಡಿಯೋ ಹೋಯ್ತು. ಆಮೇಲೆ ಸಿಕ್ತಾನೇ ಇಲ್ಲ."

ಹಿಂದೆ ತಿರುಗಿದರೆ ಎಡ್ಗರ್ ಮೆಟ್ಟಿಲ ಬುಡದಲ್ಲಿ ನಿಂತಿದ್ದ.

"ಏನಂತೆ?"

"ಬೋರ್ಡು ಕಾಣ್ಲಿಲ್ವಂತೆ," ಎಂದೆ. "ಜಲಾಶಯದ ಕಡೆ ಹೋಗಿದಾರೆ."

ಅವನ ಮುಖ ನಾನು ಸಾಯುವವರೆಗೂ ಮರೆಯಲಾರೆ. ಬಾಗಿಲು ತಳ್ಳಿಕೊಂಡು ಓಡಿದ. ನಾನೂ ಹಿಂದೆ ಓಡಿದೆ. ಅವನು ವ್ಯಾನಿನ ಕಡೆ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ, ಪರ್ಸಿಯ ಹುಲ್ಲುಗಾವಲಿಗೆ ಹೋದ.

ಅಲ್ಲಿ ಊರೆಲ್ಲ ಸೇರಿತ್ತು. ಹಸಿ ಮಣ್ಣಿನ ದಿಬ್ಬದ ಮೇಲೆ ಮಕ್ಕಳು ಕಾಗದದ ಬಿಳಿ ಗುಲಾಬಿ ಚುಚ್ಚಿದ್ದರು. ಎಡ್ಗರ್ ಗುದ್ದಲಿ ಎತ್ತಿ ಅಗೆಯತೊಡಗಿದ. ಜನ ಚಪ್ಪಾಳೆ ತಟ್ಟಿದರು. ಇದು ಈ ವರ್ಷದ ಹೊಸ ಆಟ ಎಂದುಕೊಂಡರು.

"ಮೂರನೇ ದಿನ ಏಳ್ಬೇಕಾದೋನು ಮೂರನೇ ಗಂಟೇಗೇ ಎದ್ದ ನೋಡ್ರೋ!" ಎಂದು ಯಾರೋ ಕೂಗಿದರು.

"ಲ್ಯಾಂಕಷೈರಿನೋನು ಸತ್ರೂ ನೆಟ್ಟಗೆ ಮಲಗಲ್ಲ!"

ಪರ್ಸಿ ಬಿಯರಿನ ಲೋಟ ಹಿಡಿದೇ ಬಂದು ಅವನ ತೋಳು ಹಿಡಿದ. "ಏನೋ ಇದು, ದ್ರೋಹಿ! ಈಗ ತಾನೇ ಮಣ್ಣು ಮಾಡಿದೀವಿ. ಯಾವ ಕಡೆಯೋನೋ ನೀನು?"

ಎಡ್ಗರ್ ಅವನನ್ನು ತಳ್ಳಿದ. ಲೋಟ ಬಿತ್ತು. ಟೋಪಿಯೂ ಬಿತ್ತು. ಅವನು ಗುದ್ದಲಿ ಬಿಸಾಡಿ ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ಬಗೆಯುತ್ತಿದ್ದ, ನಾಯಿ ಬಗೆಯುವ ಹಾಗೆ. ನಾನು ಕಿರುಚಿದೆ: "ಅದನ್ನ ಬಿಡು ಎಡ್ಗರ್! ಬೋರ್ಡು ಯಾಕೆ ಈಗ? ನೀನು ಹೋಗಿ ಅಲ್ಲಿ ನಿಂತ್ಕೋ, ಗಾಡಿ ಹುಡುಕು!" ಒಬ್ಬ ಮನುಷ್ಯ ಹೋಗಿ ಆ ಕವಲಲ್ಲಿ ನಿಂತಿದ್ದರೆ ಸಾಕಾಗಿತ್ತು. ಅದು ಆರು ವರ್ಷದ ಮಗುವಿಗೂ ತಿಳಿಯುತ್ತದೆ. ಅವನಿಗೆ ತಿಳಿಯಲಿಲ್ಲ. ತಾನು ಕಿತ್ತದ್ದನ್ನು ತಾನೇ ಮತ್ತೆ ನೆಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಎಂಬುದೊಂದೇ ಅವನ ತಲೆಯಲ್ಲಿತ್ತು. ಎಷ್ಟೋ ವರ್ಷ ನಾನು ಈ ಮಾತಿಗೆ ಅವನನ್ನು ಮನಸ್ಸಿನಲ್ಲೇ ಬೈದಿದ್ದೇನೆ.

ಪರ್ಸಿಗೆ ನನ್ನ ಮಾತು ಕೇಳಿಸಿತು. "ಡೋರೀನಾ?" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಬೇಲಿ ಹಾರಿ, ಮೋಟಾರ್ ಸೈಕಲ್ಲು ಹತ್ತಿ ಗುಡ್ಡದ ಕಡೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಬ್ಯಾಂಡು ನಿಂತಿತು. ನಾಲ್ಕು ಜನ ಬಂದು ಎಡ್ಗರ್ ಜೊತೆ ಮಣ್ಣಿಗೆ ಕೈ ಹಾಕಿ, ಕಂಬ ಎಳೆದು, ಟ್ರ್ಯಾಕ್ಟರಿನ ಮೇಲೆ ಹೇರಿದರು. ಕಪ್ಪು ಬಟ್ಟೆ ಅರ್ಧ ಹರಿದು ನೇತಾಡುತ್ತಿತ್ತು. ನಾನು ಅಕ್ಕನ ಹತ್ತಿರ ವಾಪಸು ಓಡಿದೆ.

ಕವಲಿನಲ್ಲಿ ಏನಾಯಿತೆಂದು ಪರ್ಸಿ ಆಮೇಲೆ ಹೇಳಿದ. ಅವನು ಆಂಬುಲೆನ್ಸನ್ನು ಹಿಡಿದದ್ದು ಜಲಾಶಯದ ಅಣೆಕಟ್ಟಿನ ಬಳಿ. ಡ್ರೈವರ್ ಮಂಜಿನಲ್ಲಿ ಇಳಿದು, ಬಾಗಿಲಿಲ್ಲದ ಒಂದು ಕುರಿದೊಡ್ಡಿಯ ಮುಂದೆ ನಿಂತು 'ಯಾರಾದ್ರೂ ಇದೀರಾ' ಎಂದು ಕೂಗುತ್ತಿದ್ದನಂತೆ. ಪರ್ಸಿ ಮುಂದೆ, ಗಾಡಿ ಹಿಂದೆ. ಕವಲಿಗೆ ಬಂದಾಗ ದೀಪದ ಬೆಳಕಿನಲ್ಲಿ ಹಲಗೆ ಕಂಡಿತು. ಅದರ ಕಂಬವನ್ನು ಎದೆಗೆ ಅಪ್ಪಿ ಎಡ್ಗರ್ ನಿಂತಿದ್ದ. ಕಿತ್ತ ಕುಳಿ ಸಡಿಲವಾಗಿತ್ತು, ಬಿಟ್ಟರೆ ಬೀಳುತ್ತಿತ್ತು. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈ ಎಡಕ್ಕೆ ಬೀಸುತ್ತಿದ್ದ. ಗಾಡಿ ದಾಟಿ ಹೋದ ಮೇಲೂ ಬೀಸುತ್ತಲೇ ಇದ್ದ ಎಂದು ಪರ್ಸಿ ಹೇಳಿದ.

ಡಾಕ್ಟರು ಬಂದರು, ಬಾಟಲಿ ಏರಿಸಿದರು, ಅಕ್ಕನನ್ನು ಸ್ಟ್ರೆಚರಿನಲ್ಲಿ ಇಳಿಸಿಕೊಂಡು ಹೋದರು. ಅಕ್ಕ ಬದುಕಿದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು. ತಲೆ ತುಂಬ ಕೂದಲಿತ್ತು. 'ಇನ್ನೊಂದು ಇಪ್ಪತ್ತು ನಿಮಿಷ ಮುಂಚೆ ಸಿಕ್ಕಿದ್ದರೆ' ಎಂದು ಡಾಕ್ಟರು ನನ್ನೆದುರು ಮಾತು ಶುರುಮಾಡಿ, ಮುಗಿಸದೆ ಬಿಟ್ಟರು.

ಅದೇ ವಾರ ಚರ್ಚಿನ ಹಿಂದೆ ಅವಳನ್ನು ಮಣ್ಣು ಮಾಡಿದೆವು. ಬ್ಯಾಂಡಿನವರೆಲ್ಲ ಬಂದಿದ್ದರು, ವಾದ್ಯ ತಂದಿರಲಿಲ್ಲ. ಅಕ್ಕ ಇನ್ನೂ ಆಸ್ಪತ್ರೆಯಲ್ಲಿದ್ದಳು. ಅಂದು ಸಂಜೆ ಪರ್ಸಿ ಮತ್ತು ಇನ್ನಿಬ್ಬರು ಗುಡ್ಡಕ್ಕೆ ಹೋಗಿ ಆ ಕಂಬದ ಬುಡಕ್ಕೆ ಸಿಮೆಂಟು ಸುರಿದು ಬಂದರು. ಯಾರೂ ಅವರಿಗೆ ಹೇಳಿರಲಿಲ್ಲ.

ಅಕ್ಕ ಮನೆಗೆ ಬಂದ ದಿನ ಕೇಳಿದಳು: "ಅವರು ಯಾಕೆ ಅಷ್ಟು ತಡ ಮಾಡಿದ್ರು?"

ಎಡ್ಗರ್ ಅವಳ ದಿಂಬು ಸರಿಮಾಡುತ್ತಿದ್ದ. "ಮಂಜು," ಎಂದ. "ವಿಪರೀತ ಮಂಜು."

ನಾನು ಅವನ ಕಡೆ ನೋಡಿದೆ. ನರ್ಸ್ ಪಿಕರ್ಸ್‌ಗಿಲ್ ಬಾಗಿಲಲ್ಲಿ ನಿಂತು ನನಗೆ ಕಣ್ಣಲ್ಲೇ ಬೇಡ ಎಂದಳು. ಆಮೇಲೆ ಅಡುಗೆಮನೆಯಲ್ಲಿ ಹೇಳಿದಳು: "ಮೈಯಲ್ಲಿ ರಕ್ತ ಇಲ್ಲ ಅವಳಿಗೆ. ಸ್ವಲ್ಪ ಚೇತರಿಸ್ಕೊಳ್ಲಿ. ಆಮೇಲೆ ಅವನೇ ಹೇಳ್ತಾನೆ."

ಅವನು ಹೇಳಲಿಲ್ಲ. ಊರೂ ಹೇಳಲಿಲ್ಲ. ಅಂಗಡಿಗೆ ಬಂದವರು ಮಂಜಿನ ಮಾತನ್ನೇ ಆಡಿದರು: ಅಂಥ ಮಂಜು ಕಂಡೇ ಇರಲಿಲ್ಲ, ಕೈ ಚಾಚಿದರೆ ಕೈ ಕಾಣುತ್ತಿರಲಿಲ್ಲ. ವಾರ ವಾರಕ್ಕೂ ಆ ಮಂಜು ದಟ್ಟವಾಗುತ್ತಾ ಹೋಯಿತು. ಅಕ್ಕ ಆ ಹಬ್ಬದ ಬೆಳಗನ್ನು ಮತ್ತೆ ನೆನೆಯಲೇ ಇಲ್ಲ, ಹಲಗೆಗೂ ಆ ತಡಕ್ಕೂ ನಂಟಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಎಡ್ಗರ್ ಮಾತ್ರ ಏನೂ ಅನ್ನುತ್ತಿರಲಿಲ್ಲ. ಗಿರಾಕಿಗಳನ್ನು ಕರೆಯುವುದೂ ನಿಂತಿತು. ತಲೆ ತಗ್ಗಿಸಿ ಮಾಂಸ ಕತ್ತರಿಸುತ್ತಿದ್ದ, ಬೆರಳಿಗೆ ಎರಡು ಸಲ ಕತ್ತಿ ಹಾಕಿಕೊಂಡ. ಒಂದು ದಿನ ಹಿಂದಿನ ಕೋಣೆಯಲ್ಲಿ ಕೊಕ್ಕೆಗೆ ನೇತುಹಾಕಿದ ಕುರಿಯ ಹಿಂದೆ ನಿಂತು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದುದನ್ನು ಕಂಡೆ. ಹೆಗಲು ಹಿಡಿದೆ.

"ಹೇಳಿಬಿಡು ಅವಳಿಗೆ," ಎಂದೆ.

"ಹೇಳಿದ್ರೆ ಹೋಗಿಬಿಡ್ತಾಳೆ ಬ್ರೆಂಡಾ. ಮಗು ಹೋಯ್ತು. ಅವಳೂ ಹೋದ್ರೆ ನಾನೇನು ಮಾಡ್ಲಿ?"

ನಾನು ಏಪ್ರನ್ನಿನ ತುದಿಯಿಂದ ಅವನ ಹಣೆ ಒರೆಸಿ, ಗಿರಾಕಿಗಳ ಕಡೆ ವಾಪಸು ಹೋದೆ.

ಸೆಪ್ಟೆಂಬರ್ ಕೊನೆಯ ಒಂದು ಶನಿವಾರ. ಅಕ್ಕ ಮತ್ತೆ ಕಟ್ಟೆಯ ಹಿಂದೆ ನಿಲ್ಲತೊಡಗಿದ್ದಳು, ಪೈ ಕಟ್ಟಿಕೊಡುತ್ತಿದ್ದಳು. ಅಂಗಡಿ ತುಂಬ ಜನ. ಬಾಗಿಲ ಗಂಟೆ ಬಡಿದು ಒಬ್ಬ ಗಂಡಸು ಒಳಗೆ ಬಂದ. ಇಪ್ಪತ್ತೈದರ ಆಸುಪಾಸು, ಭಾನುವಾರ ಚರ್ಚಿಗೆ ಹಾಕುವಂಥ ಒಳ್ಳೆಯ ಕೋಟು ಹಾಕಿದ್ದ. ಸರದಿಯಲ್ಲಿ ನಿಲ್ಲದೆ ಗೋಡೆಯ ಪಕ್ಕ ನಿಂತುಕೊಂಡ. ಪರ್ಸಿ ಮೊದಲು ಗುರುತಿಸಿದ. ಅವನ ಮುಖದ ಬಣ್ಣ ಇಳಿದದ್ದನ್ನು ನೋಡಿ ನನಗೂ ಗುರುತು ಹತ್ತಿತು.

"ಏನು ಕೊಡ್ಲಪ್ಪಾ?" ಎಂದು ಅಕ್ಕ ಕೇಳಿದಳು.

"ಏನೂ ಬೇಡಮ್ಮ. ನಾನು ಎಂಟ್‌ವಿಸಲ್ ಅಂತ. ಆವತ್ತು ಗಾಡಿ ಓಡಿಸ್ತಿದ್ದೋನು." ಲ್ಯಾಂಕಷೈರಿನ ಮಾತು. ಬೇರೆ ದಿನವಾಗಿದ್ದರೆ ಇಡೀ ಸರದಿ ಅವನನ್ನು ಅಣಕಿಸುತ್ತಿತ್ತು. "ನಿಮ್ಮ ಹತ್ರ ಕ್ಷಮೆ ಕೇಳೋಕೆ ಬಂದೆ. ಮೊದ್ಲೇ ಬರ್ಬೇಕಿತ್ತು, ಧೈರ್ಯ ಬರ್ಲಿಲ್ಲ."

"ಮಂಜಿತ್ತಲ್ಲಪ್ಪ," ಎಂದಳು ಅಕ್ಕ. "ನೀನೇನು ಮಾಡೋಕಾಗುತ್ತೆ."

"ಮಂಜು ಅಷ್ಟೇನಿರ್ಲಿಲ್ಲಮ್ಮ. ನಾನು ಗಾಡಿ ನಿಲ್ಸಿ, ಇಳಿದು ಟಾರ್ಚು ಹಾಕಿ ನೋಡಿದ್ದೆ. ಬೋರ್ಡಿಲ್ಲ ಅಂತ ರೇಡಿಯೋದಲ್ಲೂ ಹೇಳ್ದೆ. ವಾಪಸ್ ಬರೋವಾಗ ನೋಡಿದ್ರೆ ಅಲ್ಲೇ ಇತ್ತು! ಇಷ್ಟು ದೊಡ್ಡ ಕಂಬ. ನಿಮ್ಮ ಯಜಮಾನ್ರು ಅದರ ಪಕ್ಕಾನೇ ನಿಂತಿದ್ರು. ಇರೋ ಬೋರ್ಡು ನನ್ನ ಕಣ್ಣಿಗೆ ಕಾಣ್ಲಿಲ್ಲ." ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ಕೆಲಸ ಬಿಟ್ಟುಬಿಟ್ಟೆ. ನನ್ನ ಕಣ್ಣು ನಂಬೋಕಾಗ್ತಿಲ್ಲ. ರಸ್ತೆ ದಾಟೋವಾಗ ಹೆಂಡ್ತಿ ಕೈ ಹಿಡ್ಕೋತೀನಿ. ನಮಗೂ ಒಂದು ಚಿಕ್ಕ ಮಗು ಇದೆ, ಅದನ್ನ ಎತ್ಕೊಳ್ಳೋಕೆ ಭಯ ಆಗುತ್ತೆ."

ಅಂಗಡಿಯಲ್ಲಿ ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹೊತ್ತವರು, ಅತ್ತವರು, ಚಪ್ಪಾಳೆ ತಟ್ಟಿದವರು ಅಲ್ಲಿದ್ದರು. ಪರ್ಸಿ ಎಡ್ಗರ್‌ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದ, ಬೇಡ ಎಂಬಂತೆ. ಹೋಗಿಬಿಡುತ್ತಾನೆ, ಗುಡ್ಡದಾಚೆಯವನು, ಮತ್ತೆ ಬರುವುದಿಲ್ಲ. ಒಂದು ನಿಮಿಷ ಬಾಯಿ ಮುಚ್ಚಿಕೊಂಡರೆ ಮುಗಿಯಿತು.

ಅಕ್ಕ ಕಟ್ಟೆಯ ಮೇಲಿಂದ ಕೈ ಚಾಚಿ ಅವನ ತೋಳು ಮುಟ್ಟಿದಳು. "ಆಗಿದ್ದು ಆಗೋಯ್ತು. ನಿನ್ನ ಮೇಲೆ ನಮಗೇನೂ ಸಿಟ್ಟಿಲ್ಲಪ್ಪ. ಅಲ್ವಾ ಎಡ್ಗರ್?"

ಎಡ್ಗರ್ ಕತ್ತಿ ಕೆಳಗಿಟ್ಟ. ಏಪ್ರನ್ನಿಗೆ ಕೈ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ.

"ಬೋರ್ಡಿರ್ಲಿಲ್ಲ," ಎಂದ.

ಅವನ ಧ್ವನಿ ನಾವು ಕೇಳಿ ಬಹಳ ದಿನವಾಗಿತ್ತು. ಒಡೆದಿತ್ತು.

"ನೀನು ನೋಡಿದ್ದೇ ಸರಿ ಕಣಯ್ಯಾ. ಬೋರ್ಡಿರ್ಲಿಲ್ಲ. ಬೆಳಿಗ್ಗೆ ನಾನೇ ಕಿತ್ತು ತಂದು ಹೂತಿದ್ದೆ, ಹಬ್ಬಕ್ಕೆ. ನೀನು ಆ ಕಡೆ ಹೋದ್ಮೇಲೆ ಅಗೆದು ತಂದು ನೆಟ್ಟೆ. ನೀನು ಕಂಡಿದ್ದು ಅದನ್ನ. ನಿನ್ನ ಕಣ್ಣಲ್ಲಿ ಏನೂ ದೋಷ ಇಲ್ಲ."

ಎಂಟ್‌ವಿಸಲ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. "ಇರ್ಲಿಲ್ವಾ?" ಎಂದ. "ನಿಜವಾಗ್ಲೂ ಇರ್ಲಿಲ್ವಾ?" ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ತಪ್ಪಿಸಲು ನಾನು ಹೋಗುತ್ತಿರಲಿಲ್ಲ. ಅವನು ಗೋಡೆಗೊರಗಿ, ಜಾರಿ, ಮರದ ಪುಡಿ ಹಾಸಿದ ನೆಲದ ಮೇಲೆ ಕೂತು ಅತ್ತುಬಿಟ್ಟ. ಪರ್ಸಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಏನು ಹೇಳುವುದೆಂದು ತಿಳಿಯದೆ, ಅವನ ಬೆನ್ನ ಮೇಲೆ ಕೈಯಿಟ್ಟ.

ಅಕ್ಕನ ಕೈಯಲ್ಲಿ ಅರ್ಧ ಸುತ್ತಿದ ಪೈಯಿತ್ತು. ಅದನ್ನು ಸುತ್ತಿ ಮುಗಿಸಿ, ದಾರ ಕಟ್ಟಿ, ಸರದಿಯ ಮೊದಲಿಗಿದ್ದ ನರ್ಸ್ ಪಿಕರ್ಸ್‌ಗಿಲ್ ಮುಂದೆ ಇಟ್ಟಳು.

"ನಿಮಗೂ ಗೊತ್ತಿತ್ತಾ ಸಿಸ್ಟರ್?"

ನರ್ಸ್ ಕೈಚೀಲದ ಬಾಯಿ ಬಿಚ್ಚಿ ಕಾಸು ಹುಡುಕತೊಡಗಿದಳು. ಅಕ್ಕ ನನ್ನ ಕಡೆ ತಿರುಗಿದಳು. ನಾನು ತಕ್ಕಡಿಯ ಕಡೆ ನೋಡಿದೆ.

"ಡೋರೀನ್," ಎಂದ ಎಡ್ಗರ್. "ಏನಾದ್ರೂ ಅನ್ನು. ಬೈ. ಹೊಡಿ. ಹೋಗ್ತೀನಿ ಅಂದ್ರೆ ಹೋಗು, ನಾನು ತಡೆಯಲ್ಲ. ಸುಮ್ನೆ ಮಾತ್ರ ನಿಲ್ಬೇಡ."

ಅವಳು ಅವನನ್ನು ನೋಡಿದಳು. ಸಿಟ್ಟು ಇರಲಿಲ್ಲ ಆ ಮುಖದಲ್ಲಿ, ಸಿಟ್ಟಿದ್ದರೆ ನಮಗೆಲ್ಲ ಹಗುರವಾಗುತ್ತಿತ್ತು.

"ನೀನು ಬೋರ್ಡು ಕೀಳೋಕೆ ಹೊರಟಾಗ ನಾನೂ ನಕ್ಕಿದ್ದೆ ಎಡ್ಗರ್. ಅದಕ್ಕೆ ನಿನ್ನೊಬ್ಬನ್ನೇ ಏನು ಅನ್ನಲಿ," ಎಂದಳು. "ಆದ್ರೆ ಇಷ್ಟು ದಿನ ನನ್ನ ಪಕ್ಕ ಮಲಗಿದ್ದೆ. ರಾತ್ರಿಯೆಲ್ಲ ನಾನು, ನನ್ನ ಮೈಯಲ್ಲೇ ಏನೋ ತಪ್ಪಿತ್ತು, ಅದಕ್ಕೇ ಮಗು ಹೋಯ್ತು ಅಂತ ಅಳ್ತಿದ್ದೆ. ನೀನು ಕೇಳ್ತಿದ್ದೆ. ಈ ಹುಡುಗನ ಕಣ್ಣು ಸರಿಯಾಗಿದೆ ಅಂತ ಹೇಳೋಕೆ ನಿನಗೆ ಬಾಯಿ ಬಂತು. ನನಗೆ ಹೇಳೋಕೆ ಬರ್ಲಿಲ್ಲ."